ಹೆಸ್‌ಡಾಲನ್ ಕಣಿವೆಯಲ್ಲಿ ಬೆಳಕಿಗಾಗಿ ಕಾಯುವವರಿಗೆ

ನಾರ್ವೆಯ ಹೆಸ್‌ಡಾಲನ್ ಕಣಿವೆಯಲ್ಲಿ 1981ರ ಕೊನೆಯಿಂದ 1984ರವರೆಗೆ ವಿಚಿತ್ರ ಬೆಳಕುಗಳು ವಾರಕ್ಕೆ ಹದಿನೈದಿಪ್ಪತ್ತು ಸಲ ಕಂಡದ್ದುಂಟು. ಈಗ ಅಪರೂಪ. 1998ರಿಂದ ಅಲ್ಲೊಂದು ಸ್ವಯಂಚಾಲಿತ ವೀಕ್ಷಣಾ ಕೇಂದ್ರವೂ ಇದೆ, ಆದರೂ ಎಲ್ಲರೂ ಒಪ್ಪುವ ಕಾರಣ ಸಿಕ್ಕಿಲ್ಲ. ಅಜ್ಜಿಯ ಕೊಳ್ಳಿದೆವ್ವದ ಕಥೆಗಳನ್ನು ಕೇಳಿ ಬೆಳೆದ ನನಗೆ, ನಾರ್ವೆಯದೇ ನಗರವಾದ ಟ್ರಾಂಡ್‌ಹೈಮ್‌ನಲ್ಲಿ ನೆಲೆಸಿದ ಮೇಲೆ ಆ ಕಣಿವೆಗೆ ಹೋಗದೆ ಇರಲಾಗಲಿಲ್ಲ.

ಜೂನ್, ಜುಲೈ ಬೇಡ; ಆಗ ನಡುರಾತ್ರಿಯೂ ಕತ್ತಲಾಗುವುದಿಲ್ಲ. ಸೆಪ್ಟೆಂಬರ್ ಕೊನೆ ಒಳ್ಳೆಯದು. ಸಾಗುವಳಿಯಿಲ್ಲದ ಬಯಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಎರಡು ರಾತ್ರಿ ಟೆಂಟ್ ಹಾಕಬಹುದು, ವಾಸದ ಮನೆಗಳಿಂದ 150 ಮೀಟರ್ ದೂರವಿದ್ದರೆ ಸಾಕು. ಚಳಿ ನೆಲದಿಂದ ಏರುತ್ತದೆ. ಸ್ಲೀಪಿಂಗ್ ಬ್ಯಾಗ್ ಕೆಳಗೆ ದಪ್ಪ ಚಾಪೆ ಇರಲಿ. ಥರ್ಮಾಸ್ ತುಂಬ ಮೆಣಸಿನ ಸಾರು ಒಯ್ಯುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಸೂರ್ಯ ಮುಳುಗುವ ಮೊದಲೇ ತಲುಪಿ, ಎದುರಿನ ಬೆಟ್ಟದ ನಕ್ಷೆ ಬರೆದುಕೊಳ್ಳಿ. ಮನೆಗಳು ಎಲ್ಲಿವೆ, ರಸ್ತೆ ಎಲ್ಲಿ ತಿರುಗುತ್ತದೆ, ಶುಕ್ರ ಗ್ರಹ ಎಲ್ಲಿ ಮುಳುಗುತ್ತದೆ, ಎಲ್ಲ ಗುರುತಿರಲಿ. ತಿರುವಿನಲ್ಲಿ ಫಕ್ಕನೆ ಹೊಳೆದು ಮಾಯವಾಗುವ ಕಾರಿನ ದೀಪವನ್ನು ಮೊದಲೇ ಗುರುತಿಸಿಟ್ಟುಕೊಂಡವರಿಗೆ ಮಾತ್ರ ನಿಜವಾದ ಅಪರಿಚಿತ ಬೆಳಕು ದಕ್ಕುತ್ತದೆ.

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೊಬೈಲ್ ಒಳಗಿಡಿ. ಇನ್ನೊಂದು ಮಾತು ಬಹಳ ಮುಖ್ಯ: ಕಗ್ಗತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ, ಅದು ನಿಂತಲ್ಲೇ ಇದ್ದರೂ ತೇಲಿದಂತೆ ಕಾಣುತ್ತದೆ. ಅದಕ್ಕೇ ನಾನು ಎದುರಿಗೆ ಎರಡು ಕೋಲು ನೆಟ್ಟು, ತುದಿಗೆ ಬಿಳಿ ಬಟ್ಟೆ ಕಟ್ಟುತ್ತೇನೆ. ತಲೆ ಅಲುಗಿಸದೆ ಕುಳಿತು ನೋಡಿದಾಗ ಬೆಳಕು ಕೋಲನ್ನು ದಾಟಿದರೆ ಮಾತ್ರ ಅದು ಚಲಿಸಿತೆಂದು ಬರೆಯುತ್ತೇನೆ.

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಲೆನ್ಸ್ ಮುಂದೆ ಡಿಫ್ರ್ಯಾಕ್ಷನ್ ಗ್ರೇಟಿಂಗ್ ಹಾಳೆ (ನವಿರು ಗೆರೆಗಳಿರುವ ಪಾರದರ್ಶಕ ಹಾಳೆ) ಅಂಟಿಸಿ. ಅಗ್ಗದ ಹಾಳೆಯೇ ಸಾಕು. ಬೆಳಕು ಬಣ್ಣಗಳಾಗಿ ಬಿಡಿಸಿಕೊಂಡು ಚಿತ್ರದಲ್ಲಿ ಮೂಡುತ್ತದೆ. ಕಾರಿನ ದೀಪ, ಮನೆಯ ದೀಪಗಳ ಚಿತ್ರವನ್ನೂ ಅದೇ ರಾತ್ರಿ ತೆಗೆದಿಡಿ, ಹೋಲಿಸಲು ಬೇಕಾಗುತ್ತದೆ.

ಏನಾದರೂ ಕಂಡರೆ ಕೂಗಾಡಬೇಡಿ. ಸಮಯ, ದಿಕ್ಕು, ಬಣ್ಣ, ಎಷ್ಟು ಹೊತ್ತು ಇತ್ತು ಎಂಬುದನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆದು ಮುಗಿಸಿದ ಮೇಲಷ್ಟೇ ಮಾತಾಡಿ. ಒಬ್ಬರು ‘ಹಸಿರು’ ಎಂದುಬಿಟ್ಟರೆ ಉಳಿದವರ ನೆನಪೂ ಹಸಿರಾಗಿಬಿಡುತ್ತದೆ.