ಫೈಲ್ ಇಲ್ಲದವರು: ಡೆಟ್ರಾಯ್ಟ್‌ನ ಕ್ಯಾನ್ಸರ್ ವಿಭಾಗದಲ್ಲಿ ನನ್ನ ಅನುಭವ

ನಾನು ಡೆಟ್ರಾಯ್ಟ್‌ನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಸೋಶಿಯಲ್ ವರ್ಕರ್. ಹುಟ್ಟೂರು ಹಾಸನದ ಕಡೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ನರು, ಊರೇ ಹಾಗಿದೆ. ನಮ್ಮ ಕಡೆಯಿಂದ ನರ್ಸಿಂಗ್, ಸೋಶಿಯಲ್ ವರ್ಕ್ ಓದಿ ಇಲ್ಲಿನ ಆಸ್ಪತ್ರೆಗಳಿಗೆ ಸೇರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ, ರೋಗಿಯ ಮನೆಯವರ ಹತ್ತಿರ ಹೇಗೆ ಮಾತಾಡೋದು, ಏನು ಕೇಳೋದು ಅಂತ. ಅವರಿಗೋಸ್ಕರ ಇದು. ಯಾರ ಹೆಸರೂ ಹಾಕಿಲ್ಲ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ಮೊದಲಿಗೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ರೋಗಿಗೆ ಫೈಲ್ ಇದೆ. ರೋಗಿಯನ್ನು ಕರೆದುಕೊಂಡು ಬರುವವರಿಗೆ ಇಲ್ಲ. ಅವರ ಬಿಪಿ ಯಾರೂ ನೋಡುವುದಿಲ್ಲ, ರಾತ್ರಿ ನಿದ್ದೆ ಬಂತಾ ಅಂತ ಕೇಳುವುದಿಲ್ಲ, ಕೇಳಿದರೂ ಬರೆದಿಡೋಕೆ ಜಾಗ ಇಲ್ಲ. ನನ್ನ ಕೆಲಸದಲ್ಲಿ ಅರ್ಧ ಈ ಫೈಲ್ ಇಲ್ಲದವರ ಜೊತೆ.

ಇಲ್ಲಿನ ವೇಟಿಂಗ್ ರೂಮ್ ನೋಡಿದರೆ ನಮ್ಮ ಊರಿನ ಆಸ್ಪತ್ರೆ ವರಾಂಡ ನೆನಪಾಗುತ್ತದೆ. ಒಬ್ಬರಿಗೆ ಕೀಮೋ ಅಂದರೆ ಜೊತೆಗೆ ನಾಲ್ಕು ಜನ. ತಂಗಿ, ಸೋದರಳಿಯ, ಚರ್ಚಿನ ಒಬ್ಬ ಹಿರಿಯ ತಾಯಿ, ರಕ್ತಸಂಬಂಧವೇ ಇಲ್ಲದ ಆದರೆ ಮೂವತ್ತು ವರ್ಷದಿಂದ ಕಸಿನ್ ಅನ್ನಿಸಿಕೊಂಡ ಪಕ್ಕದ ಮನೆಯಾಕೆ. ಇದನ್ನು ನೋಡಿದ ಸ್ಟಾಫ್‌ಗೆ ತಟ್ಟನೆ ಅನ್ನಿಸುವುದು ಏನು ಗೊತ್ತಾ? ಇವರಿಗೆ ಜನ ಬೇಕಾದಷ್ಟಿದ್ದಾರೆ, ಸಹಾಯ ಬೇಕಿರೋದು ಆ ಮೂಲೆಯಲ್ಲಿ ಒಬ್ಬರೇ ಕೂತಿರುವ ಮುದುಕರಿಗೆ, ಅಂತ. ನಾನು ಇದನ್ನು ಒಪ್ಪುವುದಿಲ್ಲ. ಜನ ಇರುವುದು ಬೇರೆ, ಕೆಲಸ ಹಂಚಿಕೊಂಡಿರುವುದು ಬೇರೆ.

ಅದಕ್ಕೆ ನಾನು ಒಂದು ಹಾಳೆ ಇಟ್ಟುಕೊಂಡಿದ್ದೇನೆ. ದೊಡ್ಡ ಫಾರ್ಮ್ ಏನಲ್ಲ, ಕೈಯಲ್ಲಿ ಗೀಚಿಕೊಳ್ಳುವುದು. ಎಡಗಡೆ ಕೆಲಸಗಳು. ಕೀಮೋ ದಿನ ಕಾರು ಓಡಿಸೋರು ಯಾರು, ಫಾರ್ಮಸಿಗೆ ಹೋಗೋರು ಯಾರು, ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಎದ್ದೇಳೋರು ಯಾರು, ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಕಾಯೋರು ಯಾರು, ಕರೆಂಟ್ ಬಿಲ್, ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರೋದು. ಬಲಗಡೆ ಹೆಸರು. ಬರೆಯುತ್ತಾ ಹೋದ ಹಾಗೆ ಒಂದೇ ಹೆಸರು ಮೇಲಿಂದ ಕೆಳಗಿನವರೆಗೆ ಬರುತ್ತದೆ. ಹೆಚ್ಚಾಗಿ ಹೆಣ್ಣಿನ ಹೆಸರೇ. ಹಾಳೆಯನ್ನು ಅವರ ಕಡೆ ತಿರುಗಿಸಿ ಇಡುತ್ತೇನೆ. ಕೆಲವರು ನಗುತ್ತಾರೆ. ಕೆಲವರು "ಇನ್ಯಾರು ಮಾಡ್ತಾರೆ ಹೇಳಿ" ಅನ್ನುತ್ತಾರೆ. ಅಲ್ಲಿಂದ ಮಾತು ಶುರು.

"ಹೇಗಿದ್ದೀರಿ" ಅಂತ ಕೇಳಿದರೆ ಏನೂ ಸಿಗುವುದಿಲ್ಲ. "ದೇವರ ದಯೆ, ಚೆನ್ನಾಗಿದ್ದೀನಿ" ಅಷ್ಟೇ. ನೋಡಿಕೊಳ್ಳುವವರ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಅಳೆಯಲು ನಮ್ಮ ಹತ್ತಿರ ಜಾರಿಟ್ ಅನ್ನುವ ಪ್ರಶ್ನಾವಳಿ ಇದೆ, 22 ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ 4 ಅಂಕ. ಒಳ್ಳೆಯ ಸಾಧನವೇ. ಆದರೆ ಅಮ್ಮನ ಎದುರಿಗೆ ಕೂತ ಮಗಳ ಕೈಗೆ ಅದನ್ನು ಕೊಟ್ಟರೆ ಎಲ್ಲಕ್ಕೂ ಸೊನ್ನೆ ಹಾಕಿ ಕೊಡುತ್ತಾಳೆ. ಯಾರು ತಾನೇ ಹೆತ್ತ ತಾಯಿ ಭಾರ ಅಂತ ಬರೆಯುತ್ತಾರೆ? ಅದಕ್ಕೆ ನಾನು ಬೇರೆ ಥರ ಕೇಳುತ್ತೇನೆ. ನಿನ್ನೆ ರಾತ್ರಿ ಎಲ್ಲಿ ಮಲಗಿದಿರಿ? ಮಂಚದಲ್ಲೋ, ಅಮ್ಮನ ರೂಮಿನ ಕುರ್ಚಿಯಲ್ಲೋ? ನಿಮ್ಮ ಸ್ವಂತ ಬಿಪಿ ಮಾತ್ರೆ ಕೊನೇ ಸಲ ಯಾವಾಗ ತಗೊಂಡಿದ್ದು? ಈ ಎರಡಕ್ಕೆ ಬರುವ ಉತ್ತರ ಸಾಕು.

ಬಿಪಿ ಬಗ್ಗೆ ಸುಮ್ನೆ ಕೇಳುತ್ತಿಲ್ಲ. ಅಮೆರಿಕದಲ್ಲಿ ರಕ್ತದೊತ್ತಡ ಅತಿ ಹೆಚ್ಚು ಇರುವ ಸಮುದಾಯಗಳಲ್ಲಿ ಆಫ್ರಿಕನ್ ಅಮೆರಿಕನ್ನರದ್ದೂ ಒಂದು. ಶರ್ಮನ್ ಜೇಮ್ಸ್ ಅನ್ನುವ ಆಫ್ರಿಕನ್ ಅಮೆರಿಕನ್ ಸಂಶೋಧಕರು 1980ರ ದಶಕದಲ್ಲಿ ಇದರ ಒಂದು ಎಳೆಯನ್ನು ಹಿಡಿದರು. ಎದುರಿಗಿರುವ ಕಷ್ಟ ಎಷ್ಟೇ ದೊಡ್ಡದಿರಲಿ, ಕೈಯಲ್ಲಿ ಕಾಸಿರಲಿ ಬಿಡಲಿ, ಇನ್ನೂ ಜಾಸ್ತಿ ದುಡಿದು ಗೆಲ್ಲುತ್ತೇನೆ ಅನ್ನುವ ಸ್ವಭಾವಕ್ಕೆ ಅವರು ಜಾನ್ ಹೆನ್ರಿಯ ಹೆಸರಿಟ್ಟರು. ಜಾನ್ ಹೆನ್ರಿ ಇಲ್ಲಿನ ಜನಪದ ನಾಯಕ. ರೈಲು ಸುರಂಗ ಕೊರೆಯುವ ಕೂಲಿ. ಉಗಿಯಂತ್ರದ ಜೊತೆ ಪಂದ್ಯ ಕಟ್ಟಿ, ಸುತ್ತಿಗೆ ಬೀಸಿ ಬೀಸಿ ಯಂತ್ರವನ್ನು ಸೋಲಿಸಿ, ಅಲ್ಲೇ ಬಿದ್ದು ಸತ್ತ. ನಮ್ಮ ವಿಭಾಗಕ್ಕೆ ಬರುವ ಹೆಣ್ಣುಮಕ್ಕಳನ್ನು ಎಲ್ಲರೂ ಹೊಗಳುವುದು ಇದೇ ಗುಣಕ್ಕೆ, ಎಷ್ಟು ಗಟ್ಟಿಗಿತ್ತಿ ನೋಡಿ ಅಂತ. ನಾನು ಆ ಹೊಗಳಿಕೆ ಬಿಟ್ಟುಬಿಟ್ಟಿದ್ದೇನೆ. ಹೊಗಳಿಸಿಕೊಂಡವರು ಆಮೇಲೆ ಸಹಾಯ ಕೇಳುವುದಿಲ್ಲ.

ಈಗ ಚರ್ಚಿನ ವಿಷಯ. ಇಲ್ಲಿನ ಆಫ್ರಿಕನ್ ಅಮೆರಿಕನ್ ಚರ್ಚುಗಳಲ್ಲಿ ಭಾನುವಾರದ ಹಾಳೆಯಲ್ಲಿ ಕಾಯಿಲೆ ಬಿದ್ದವರ, ಮನೆಯಿಂದ ಹೊರಗೆ ಬರಲಾಗದವರ ಹೆಸರಿನ ಪಟ್ಟಿ ಅಚ್ಚಾಗುತ್ತದೆ. ಆ ಪಟ್ಟಿಗೆ ಹೆಸರು ಸೇರಿತು ಅಂದರೆ ಪ್ರಾರ್ಥನೆ, ಫೋನು, ಕಾರ್ಡು, ಊಟ ಎಲ್ಲ ಹರಿದು ಬರುತ್ತದೆ. ಸರ್ಕಾರದ ಯಾವ ಯೋಜನೆಯೂ ಇಷ್ಟು ಬೇಗ ಮನೆ ಬಾಗಿಲಿಗೆ ಬರುವುದಿಲ್ಲ. ಆದರೆ ಬರುವುದು ಹುರಿದ ಕೋಳಿ, ಮ್ಯಾಕರೋನಿ, ಬೇಯಿಸಿದ ಸೊಪ್ಪು. ಕೀಮೋ ಆದ ವಾರ ರೋಗಿಗೆ ಅದರ ವಾಸನೆಯೇ ಆಗುವುದಿಲ್ಲ. ಬೇಕಾಗಿರುವುದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಒಂದು ಕಾರು. ಅದನ್ನು ಬಾಯಿಬಿಟ್ಟು ಕೇಳುವುದಕ್ಕೆ ಮನೆಯವರಿಗೆ ಸಂಕೋಚ, ಕೊಟ್ಟ ಊಟಕ್ಕೆ ಕೊಂಕು ತೆಗೆದ ಹಾಗಾಗುತ್ತದಲ್ಲ.

ಆ ಕೇಳುವ ಕೆಲಸ ನಾನು ಮಾಡುತ್ತೇನೆ. ರೋಗಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು (ಅದಿಲ್ಲದೆ ಒಂದು ಮಾತೂ ಆಡುವ ಹಾಗಿಲ್ಲ) ಚರ್ಚಿನಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ತಂಡದವರಿಗೆ ಫೋನ್ ಮಾಡುತ್ತೇನೆ. ಪಾಸ್ಟರ್‌ಗಿಂತ ಇವರಿಗೆ ಮಾಡುವುದು ಒಳ್ಳೆಯದು, ಕೆಲಸ ಆಗುವುದು ಇವರಿಂದಲೇ. ನೇರವಾಗಿ ಹೇಳುತ್ತೇನೆ: ಈ ತಾರೀಖುಗಳಿಗೆ ಕಾರು ಬೇಕು, ಈ ಎರಡು ರಾತ್ರಿ ಯಾರಾದರೂ ಬಂದು ಮಲಗಿದರೆ ಮಗಳು ನಿದ್ದೆ ಮಾಡುತ್ತಾಳೆ, ನೆಗಡಿ ಇರುವವರು ದಯವಿಟ್ಟು ಬರಬೇಡಿ, ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ರಾರ್ಥನೆ ಆಮೇಲೆ, ಮೊದಲು ನಮಗೆ ಫೋನ್. ಒಮ್ಮೆ ತಾರೀಖು ಕೊಟ್ಟರೆ ಇವರು ತಪ್ಪಿಸುವುದು ಅಪರೂಪ.

ಕೆಲಸದ ರಜೆ ವಿಷಯಕ್ಕೆ ಬರುತ್ತೇನೆ, ಇದು ನಿಜವಾಗಿ ಕಲಿತುಕೊಳ್ಳಬೇಕಾದ್ದು. ಅಮೆರಿಕದಲ್ಲಿ 1993ರ ಕೌಟುಂಬಿಕ ರಜೆ ಕಾನೂನು ಇದೆ. ವರ್ಷಕ್ಕೆ 12 ವಾರ ರಜೆ, ಸಂಬಳ ಇಲ್ಲ, ಆದರೆ ಕೆಲಸ ಉಳಿಯುತ್ತದೆ. ಕಂಪನಿಯಲ್ಲಿ 50 ಜನ ಇರಬೇಕು, ನೀವು ಅಲ್ಲಿ ಸೇರಿ ವರ್ಷ ಆಗಿರಬೇಕು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು. ಯಾರನ್ನು ನೋಡಿಕೊಳ್ಳಲು ಸಿಗುತ್ತದೆ? ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ. ಅಕ್ಕ ತಂಗಿ ಇಲ್ಲ. ಅಜ್ಜಿ ಇಲ್ಲ. ಚಿಕ್ಕಮ್ಮ ಇಲ್ಲ. ಕುಟುಂಬ ಅಂದರೆ ಗಂಡ, ಹೆಂಡತಿ, ಮಕ್ಕಳು ಅಂತ ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಇದು. ನಮ್ಮಲ್ಲಿಗೆ ಬರುವ ಎಷ್ಟೋ ಮನೆಗಳಲ್ಲಿ ನೋಡಿಕೊಳ್ಳುವವರು ತಂಗಿ, ಮೊಮ್ಮಗಳು, ಸೋದರಳಿಯ. ಅವರಿಗೆ ಕಂಪನಿಯವರು ಇಲ್ಲ ಅಂದುಬಿಡುತ್ತಾರೆ.

ಒಬ್ಬ ತಂಗಿ ಇದ್ದರು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಎರಡನೇ ಶಿಫ್ಟ್. ಅಕ್ಕನಿಗೆ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್. ಈ ಬಗೆ ಆಫ್ರಿಕನ್ ಅಮೆರಿಕನ್ ಹೆಂಗಸರಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಹಾರ್ಮೋನ್ ಮಾತ್ರೆ ಇದಕ್ಕೆ ನಾಟುವುದಿಲ್ಲ, ಹಾಗಾಗಿ ಕೀಮೋ ಜೋರು, ಅಷ್ಟೇ ದಿನ ಜೊತೆಗೊಬ್ಬರು ಬೇಕು. ಕೀಮೋ ಕುರ್ಚಿಯ ಪಕ್ಕ ಇವರ ಒಂದು ದೊಡ್ಡ ಚೀಲ ಇರುತ್ತಿತ್ತು. ಒಳಗೆ ಹೊದಿಕೆ, ಉಪ್ಪು ಬಿಸ್ಕತ್ತು, ಜಿಂಜರ್ ಏಲ್, ದಿನದ ಹೆಸರಿರುವ ಮಾತ್ರೆ ಡಬ್ಬಿ, ಒಂದು ಸ್ಪೈರಲ್ ನೋಟ್‌ಬುಕ್. ಎಲ್ಲದರ ಕೆಳಗೆ ಫ್ಯಾಕ್ಟರಿ ಶೂ ಮತ್ತು ಸೇಫ್ಟಿ ಕನ್ನಡಕ, ಡ್ರಿಪ್ ಮುಗಿದ ತಕ್ಷಣ ಅಕ್ಕನನ್ನು ಮನೆಗೆ ಬಿಟ್ಟು ಸೀದಾ ಶಿಫ್ಟ್‌ಗೆ ಓಡೋದಕ್ಕೆ. ತಡವಾದರೆ ಪಾಯಿಂಟ್ ಬೀಳುತ್ತದೆ, ಪಾಯಿಂಟ್ ಜಾಸ್ತಿಯಾದರೆ ಕೆಲಸ ಹೋಗುತ್ತದೆ.

ರಜೆ ಕೇಳಿದ್ದಕ್ಕೆ ತಂಗಿಗೆ ಸಿಗಲ್ಲ ಅಂದಿದ್ದರು. ನಾನು ಕೇಳಿದೆ, "ಚಿಕ್ಕವರಿದ್ದಾಗ ನಿಮ್ಮನ್ನು ಸಾಕಿದ್ದು ಯಾರು?" "ಅಕ್ಕನೇ. ಅಮ್ಮ ಎರಡು ಕಡೆ ಕೆಲಸ ಮಾಡ್ತಿದ್ದರು. ಊಟ, ಸ್ಕೂಲು, ಬಟ್ಟೆ ಎಲ್ಲ ಇವಳೇ."

ಕಾನೂನಿನಲ್ಲಿ ಇದಕ್ಕೆ ಜಾಗ ಇದೆ. ನೀವು ಮಗು ಆಗಿದ್ದಾಗ ತಾಯಿ ತಂದೆಯ ಸ್ಥಾನದಲ್ಲಿ ನಿಂತು ಸಾಕಿದವರು ಯಾರೇ ಇರಲಿ, ಅಜ್ಜಿಯೋ ಅಕ್ಕನೋ, ಅವರನ್ನು ಪೋಷಕರು ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋರ್ಟು ಕಾಗದ ಬೇಕಿಲ್ಲ, ಸಂಬಂಧ ಇಂಥದ್ದು ಅಂತ ಒಂದು ಸರಳ ಹೇಳಿಕೆ ಬರೆದುಕೊಟ್ಟರೆ ಸಾಕು. ಬರೆದುಕೊಟ್ಟರು, ರಜೆ ಮಂಜೂರಾಯಿತು. ಅಂದಿನಿಂದ ಅಕ್ಕ ತಂಗಿ, ಅಜ್ಜಿ ಮೊಮ್ಮಕ್ಕಳು ಯಾರೇ ಬರಲಿ, ಸಾಕಿದವರು ಯಾರು ಅಂತ ತಪ್ಪದೆ ಕೇಳುತ್ತೇನೆ.

ಇನ್ನೊಂದು ಸಣ್ಣ ಸಂಗತಿ, ಸಣ್ಣದಲ್ಲ. 12 ವಾರವನ್ನು ಒಟ್ಟಿಗೇ ತಗೋಬೇಕು ಅಂತ ಇಲ್ಲ. ಬಿಡಿ ದಿನ, ಬಿಡಿ ಗಂಟೆಗಳಾಗಿ ತಗೋಬಹುದು. ಆದರೆ ಡಾಕ್ಟರ್ ತುಂಬುವ ಫಾರ್ಮ್‌ನಲ್ಲಿ (ಡಬ್ಲ್ಯುಎಚ್-380-ಎಫ್) ಎಷ್ಟು ಸಲ, ಒಂದೊಂದು ಸಲ ಎಷ್ಟು ಹೊತ್ತು ಅಂತ ಸ್ಪಷ್ಟವಾಗಿ ಬರೆದಿರಬೇಕು. "ಬೇಕಾದಾಗ" ಅಂತ ಬರೆದರೆ ಎಚ್‌ಆರ್‌ನವರು ವಾಪಸ್ ಕಳಿಸುತ್ತಾರೆ. "ತಿಂಗಳಿಗೆ 4 ಸಲ, ಪ್ರತಿ ಸಲ 1ರಿಂದ 2 ದಿನ" ಅಂತ ಬರೆಸಿ. ಕಂಪನಿ ಕೇಳಿದ ಮೇಲೆ ಫಾರ್ಮ್ ಕೊಡಲು ಸಾಮಾನ್ಯವಾಗಿ ಸಿಗುವುದು 15 ದಿನ, ಹಾಗಾಗಿ ಡಾಕ್ಟರ ಮೇಜಿನ ಮೇಲೆ ಅದು ಮಲಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ರೋಗಿಗೆ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಇದ್ದರೆ ನಮ್ಮ ರಾಜ್ಯ ಮಿಷಿಗನ್‌ನ ಹೋಮ್ ಹೆಲ್ಪ್ ಯೋಜನೆಯಲ್ಲಿ ಸ್ನಾನ, ಊಟ ಮಾಡಿಸುವ ಸಂಬಂಧಿಕರಿಗೇ ಸ್ವಲ್ಪ ದುಡ್ಡು ಸಿಗುತ್ತದೆ, ಗಂಡ ಹೆಂಡತಿಗೆ ಸಿಗುವುದಿಲ್ಲ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಆ ಸ್ಪೈರಲ್ ನೋಟ್‌ಬುಕ್ ಬಗ್ಗೆಯೂ ಹೇಳಬೇಕು. ನರ್ಸ್ ಡ್ರಿಪ್ ಹಾಕುವ ಮೊದಲು ತಂಗಿ ಔಷಧದ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಡೋಸ್, ಟೈಮು, ನರ್ಸ್ ಹೆಸರು. ಇಂಥವರನ್ನು ಕಿರಿಕಿರಿ ಪಾರ್ಟಿ ಅಂತ ಕೆಲವರು ಗೊಣಗುತ್ತಾರೆ. ಹಾಗೆ ಗೊಣಗುವ ಮೊದಲು ಅಲಬಾಮಾದ ಟಸ್ಕೀಗಿ ಪ್ರಯೋಗ ಓದಿಕೊಳ್ಳಿ. 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಡೆಟ್ರಾಯ್ಟ್‌ನ ಎಷ್ಟೋ ಕುಟುಂಬಗಳ ಹಿರಿಯರು ಅಲಬಾಮಾ, ಜಾರ್ಜಿಯಾ ಕಡೆಯಿಂದ ಕಾರು ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಅವರಿಗಿದು ಇತಿಹಾಸದ ಪಾಠ ಅಲ್ಲ, ಮನೆಯಲ್ಲಿ ಕೇಳಿದ ಮಾತು. ಕಾವಲು ಕೂರುವುದೂ ಆರೈಕೆಯದ್ದೇ ಒಂದು ಕೆಲಸ, ಅದೂ ಸುಸ್ತು ಮಾಡುತ್ತದೆ. ನಾನು ಔಷಧದ ಹೆಸರು, ಯಾಕೆ ಕೊಡುತ್ತಿದ್ದಾರೆ ಅನ್ನುವುದನ್ನು ಅವರು ಕೇಳುವ ಮೊದಲೇ ಪ್ರಿಂಟ್ ತೆಗೆದು ಕೈಗೆ ಕೊಡುತ್ತೇನೆ. ಬರೆಯುವ ಕೆಲಸವಾದರೂ ಒಂದು ಕಮ್ಮಿ.

ಹಾಗೇ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಬೇಡಿ. ಮಿಸ್, ಮಿಸೆಸ್, ಮಿಸ್ಟರ್ ಸೇರಿಸಿ. ಒಂದು ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕೋರ್ಟುಗಳಲ್ಲಿ ಕಪ್ಪು ಜನರಿಗೆ ಆ ಮರ್ಯಾದೆಯೂ ಇರಲಿಲ್ಲ. ಮಿಸ್ ಹ್ಯಾಮಿಲ್ಟನ್ ಅಂತ ಕರೆಯುವವರೆಗೂ ಉತ್ತರ ಕೊಡಲ್ಲ ಅಂದ ಮೇರಿ ಹ್ಯಾಮಿಲ್ಟನ್ ಅವರಿಗೆ ಅಲಬಾಮಾದಲ್ಲಿ ಶಿಕ್ಷೆಯಾಯಿತು, 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಮ್ಮ ರೋಗಿಗಳಲ್ಲಿ ಆ ಕಾಲ ನೋಡಿದವರು ಇನ್ನೂ ಇದ್ದಾರೆ.

ನೋವಿನ ಔಷಧಕ್ಕೆ ಮನೆಯವರು ಊರೆಲ್ಲ ಅಲೆಯುವುದು ಇನ್ನೊಂದು ಗೋಳು. ಮಾರ್ಫಿನ್ ಥರದ ಔಷಧಗಳು ಬಿಳಿಯರಲ್ಲದವರು ಹೆಚ್ಚಿರುವ ಬಡಾವಣೆಗಳ ಫಾರ್ಮಸಿಗಳಲ್ಲಿ ಸಾಕಷ್ಟು ಇಡುವುದು ಕಡಿಮೆ ಅಂತ ಮಿಷಿಗನ್‌ನಲ್ಲೇ ಮಾಡಿದ ಅಧ್ಯಯನ 2005ರಲ್ಲಿ ಬಂದಿದೆ. ಚೀಟಿ ಬರೆಸುವ ಮೊದಲು ಫಾರ್ಮಸಿಗೆ ನೀವೇ ಫೋನ್ ಮಾಡಿ, ಸ್ಟಾಕ್ ಇಲ್ಲದಿದ್ದರೆ ಆಸ್ಪತ್ರೆಯ ಫಾರ್ಮಸಿಯಿಂದಲೇ ಕೊಡಿಸಿ ಕಳಿಸಿ. ಶುಕ್ರವಾರ ಸಂಜೆಯಾದರೆ ಇದನ್ನು ಮರೆಯಲೇಬೇಡಿ.

ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆಯ ಮಾತು ಎತ್ತಿದರೆ ಕೈಬಿಟ್ಟರು ಅಂತ ಕೇಳಿಸುತ್ತದೆ, ಮೇಲಿನದ್ದೆಲ್ಲ ಓದಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ) ಲೆಕ್ಕದಲ್ಲಿ ಬದುಕು ಇನ್ನು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅನ್ನುವಾಗ ಹಾಸ್ಪಿಸ್, ಜೊತೆಗೆ ಕ್ಯಾನ್ಸರ್ ಗುಣಪಡಿಸುವ ಚಿಕಿತ್ಸೆ ಬಿಡಬೇಕು. ನೋವು, ಸಂಕಟ ಕಮ್ಮಿ ಮಾಡುವ ಪ್ಯಾಲಿಯೇಟಿವ್ ತಂಡಕ್ಕೆ ಆ ಷರತ್ತಿಲ್ಲ. ಅವರನ್ನು ಮೊದಲೇ, ಕೀಮೋ ನಡೆಯುತ್ತಿರುವಾಗಲೇ ಪರಿಚಯ ಮಾಡಿಸುತ್ತೇನೆ. ರೋಗಿಯ ಪರವಾಗಿ ತೀರ್ಮಾನ ಮಾಡುವವರನ್ನು ನೇಮಿಸುವ ಕಾಗದವನ್ನೂ ಆಗಲೇ ಮಾಡಿಸುತ್ತೇನೆ. ಮಿಷಿಗನ್‌ನಲ್ಲಿ ಇದಕ್ಕೆ ಇಬ್ಬರು ಸಾಕ್ಷಿ ಬೇಕು, ಹತ್ತಿರದ ಸಂಬಂಧಿಕರು ಆಗುವುದಿಲ್ಲ, ಆಸ್ಪತ್ರೆ ಸ್ಟಾಫೂ ಆಗುವುದಿಲ್ಲ. ಅಲ್ಲಿ ಮತ್ತೆ ಚರ್ಚಿನವರೇ ಗತಿ, ಖುಷಿಯಿಂದ ಬರುತ್ತಾರೆ.

ಕೊನೆಯದಾಗಿ ಒಂದು ಕಹಿ ವಿಷಯ. ಆ 1993ರ ರಜೆ ಆರೈಕೆಗೆ ಮಾತ್ರ. ರೋಗಿ ತೀರಿಕೊಂಡ ದಿನವೇ ಅದು ಮುಗಿಯಿತು, ದುಃಖಕ್ಕೆ ರಜೆ ಇಲ್ಲ. ಅಂತ್ಯಕ್ರಿಯೆ, ಊರೂರಿಂದ ಬರುವ ನೆಂಟರು, ಆಮೇಲಿನ ಊಟ, ಎಲ್ಲ ಅದೇ ತಂಗಿಯ ತಲೆಮೇಲೆ. ಕಂಪನಿಯ ಅಥವಾ ಯೂನಿಯನ್ ಒಪ್ಪಂದದಲ್ಲಿ ಅಂತ್ಯಕ್ರಿಯೆಗೆ ಎಷ್ಟು ದಿನ ಇದೆ, ಅಕ್ಕನಿಗೂ ಅನ್ವಯಿಸುತ್ತದಾ ಅಂತ ಮುಂಚೆಯೇ ನೋಡಿಸಿಡಿ. ನೆಂಟರೆಲ್ಲ ವಾಪಸ್ ಹೋದ ಮೇಲೆ ನಾನು ಒಂದು ಫೋನ್ ಮಾಡುತ್ತೇನೆ. ಸಮಾಧಾನದ ಮಾತು ಆಡಲು ಬರುವವರು ಬೇಕಾದಷ್ಟಿದ್ದಾರೆ, ನಾನು ಕೇಳುವುದು ಬೇರೆ: ನಿಮ್ಮ ಮ್ಯಾಮೊಗ್ರಾಮ್ ಆಯ್ತಾ, ಜೆನೆಟಿಕ್ ಟೆಸ್ಟ್‌ಗೆ ಬರೆಸಿದಿರಾ, ಬಿಪಿ ಮಾತ್ರೆ ಮತ್ತೆ ಶುರು ಮಾಡಿದಿರಾ. ಇಲ್ಲ ಅಂದರೆ ಫೋನ್ ಇಡುವ ಮೊದಲೇ ಅಪಾಯಿಂಟ್‌ಮೆಂಟ್ ಹಾಕಿಸುತ್ತೇನೆ, ಈ ಸಲ ಅವರ ಸ್ವಂತ ಹೆಸರಿನಲ್ಲಿ.