ಅಜ್ಜಿ, ತಾತ, ಮಕ್ಕಳ ಜತೆ ರಾಕಿ ಬೆಟ್ಟದಲ್ಲಿ ನಡೆಯೋದು ಹೇಗೆ

ಊರಿಂದ ಅತ್ತೆ-ಮಾವ ಬರ್ತಾರೆ ಅಂದ ಕೂಡಲೇ ಅಮೆರಿಕದ ಕೊಲೊರಾಡೊದಲ್ಲಿರುವ ಡೆನ್ವರ್ ಕಡೆಯ ಕನ್ನಡದ ಮನೆಗಳಲ್ಲಿ ಎಲ್ಲರೂ ಹೇಳುವ ಮಾತು ಒಂದೇ. "ರಾಕಿ ಮೌಂಟೇನ್ ನ್ಯಾಷನಲ್ ಪಾರ್ಕ್‌ಗೆ ಕರ್ಕೊಂಡು ಹೋಗಿ." ಸರಿ, ಹೋಗೋಣ. ಆದರೆ ಅಲ್ಲಿ ಯಾವ ದಾರಿ ಹಿಡಿಯೋದು? ನಮ್ಮ ಅತ್ತೆಗೆ ಎಡಗಾಲಿನ ಮಂಡಿ ನೋವು. ಮಾವ ದಿನಾ ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ನನಗೂ ನಮ್ಮೆಜಮಾನ್ರಿಗೂ ಎಷ್ಟು ದೂರ ನಡೆಯೋಕಾಗುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಅವರ ಕಾಲಿಗೆ ಒಗ್ಗುವ ದಾರಿಯೇ ನಮ್ಮ ದಾರಿ. ನಾನು ಹೀಗೇ ಹುಡುಕೋದು.

ದಾರಿಗಿಂತ ಮೊದಲು ಎತ್ತರದ ಮಾತು ಹೇಳಿಬಿಡ್ತೀನಿ. ನಮ್ಮ ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಇಲ್ಲಿ ಬೇರ್ ಲೇಕ್ ಅನ್ನೋ ಕೆರೆ ಇರೋದೇ ಸುಮಾರು 2,890 ಮೀಟರ್ ಎತ್ತರದಲ್ಲಿ. ಅಂದರೆ ಕಾರಿನ ಬಾಗಿಲು ತೆಗೆದು ಕಾಲು ಕೆಳಗಿಡುವ ಹೊತ್ತಿಗೇ ನೀವು ಮುಳ್ಳಯ್ಯನಗಿರಿಗಿಂತ 900 ಮೀಟರ್‌ಗೂ ಜಾಸ್ತಿ ಮೇಲಿರ್ತೀರಿ. ಇದು ಗೊತ್ತಿಲ್ಲದೆ ಮೊದಲ ಸಲ ತಪ್ಪು ಮಾಡಿದೆವು. ವಿಮಾನ ಇಳಿದ ಮೂರನೇ ದಿನವೇ ಅತ್ತೆಯನ್ನು ಬೇರ್ ಲೇಕ್‌ಗೆ ಕರೆದುಕೊಂಡು ಹೋದೆವು. ಹತ್ತು ನಿಮಿಷ ನಡೆದಿರಲಿಲ್ಲ, "ತಲೆ ಸಿಡೀತಿದೆ ಕಣಮ್ಮಾ, ಹೊಟ್ಟೆ ತೊಳೆಸಿದ ಹಾಗಾಗ್ತಿದೆ" ಅಂದರು. ಕೈ ಹಿಡಿದೆ, ತಣ್ಣಗಿತ್ತು. ತಕ್ಷಣ ಕಾರು ತಿರುಗಿಸಿ ಎಸ್ಟೆಸ್ ಪಾರ್ಕ್ ಊರಿಗೆ ಇಳಿದೆವು. ಅದು ಸುಮಾರು 2,290 ಮೀಟರ್. ಕೂತು, ನೀರು ಕುಡಿದು ಒಂದು ಗಂಟೆ ಕಳೆಯುವ ಹೊತ್ತಿಗೆ ಅವರ ಮುಖಕ್ಕೆ ಬಣ್ಣ ಬಂತು.

ಆಮೇಲಿಂದ ನಮ್ಮ ಮನೆಯ ಕ್ರಮ ಬದಲಾಯಿತು. ಊರಿಂದ ಬಂದವರು ಮೊದಲು ಒಂದು ವಾರ ಡೆನ್ವರ್‌ನಲ್ಲೇ ಇರಬೇಕು. ಡೆನ್ವರೇ 1,600 ಮೀಟರ್ ಎತ್ತರದಲ್ಲಿದೆ, ಮೈ ಅಲ್ಲಿಗೆ ಒಗ್ಗಲಿ. ಬಾಯಾರಿಕೆ ಆಗಲಿ ಬಿಡಲಿ, ಆಗಾಗ ನೀರು ಕುಡೀತಿರಬೇಕು. ಬಿಪಿ, ಹೃದಯ, ಉಸಿರಾಟದ ತೊಂದರೆ ಇರುವವರು ಊರಲ್ಲೇ ಡಾಕ್ಟರ್‌ನ ಕೇಳಿಕೊಂಡು ಬರಲಿ. ಮೇಲೆ ಹೋದಾಗ ತಲೆನೋವು, ವಾಕರಿಕೆ ಶುರುವಾದರೆ "ಇನ್ನೊಂಚೂರು ನೋಡೋಣ" ಅನ್ನಬೇಡಿ. ಕೆಳಗೆ ಇಳಿಯೋದೇ ಮದ್ದು.

ಇನ್ನು ಟಿಕೆಟ್. ಕೆಲವು ವರ್ಷಗಳಿಂದ ಮೇ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ಪ್ರವೇಶದ ಹೊತ್ತನ್ನೂ ಮುಂಚೆ ಬುಕ್ ಮಾಡಬೇಕು. ಬೇರ್ ಲೇಕ್ ರಸ್ತೆಗೆ ಬೇರೆ ಪರ್ಮಿಟ್, ಉಳಿದ ಪಾರ್ಕಿಗೆ ಬೇರೆ. ಕೆಳಗೆ ನಾನು ಹೇಳುವ ದಾರಿಗಳಲ್ಲಿ ಹೆಚ್ಚಿನವು ಬೇರ್ ಲೇಕ್ ರಸ್ತೆಯಲ್ಲೇ ಇವೆ, ಹಾಗಾಗಿ ಅದನ್ನೇ ತೆಗೆದುಕೊಳ್ಳಿ. ತಿಂಗಳ ಮುಂಚೆ ಸಿಗದಿದ್ದರೆ ಬೇಜಾರಾಗಬೇಡಿ. ನಮಗೆ ಎರಡು ಸಲ ಹಿಂದಿನ ದಿನ ಸಂಜೆ ಏಳಕ್ಕೆ ಬಿಡುವ ಟಿಕೆಟಲ್ಲೇ ಸಿಕ್ಕಿತು. ಇನ್ನೊಂದು ವಿಷಯ. 2026ರಿಂದ ಅಮೆರಿಕದಲ್ಲಿ ನೆಲೆಸದ, 16 ವರ್ಷ ತುಂಬಿದವರಿಗೆ ವಾರ್ಷಿಕ ಪಾಸ್ ಇಲ್ಲದಿದ್ದರೆ ಈ ಪಾರ್ಕಿನಲ್ಲಿ ತಲಾ 100 ಡಾಲರ್ ಜಾಸ್ತಿ ಇದೆ. ಅಪ್ಪ-ಅಮ್ಮನ ಜತೆ ಹೋಗುವವರು ಪಾರ್ಕಿನ ವೆಬ್‌ಸೈಟಿನಲ್ಲಿ ಆ ವರ್ಷದ ನಿಯಮ ಓದಿಕೊಂಡೇ ಹೊರಡಿ.

ಮೊದಲ ದಿನಕ್ಕೆ ಕಣ್ಣು ಮುಚ್ಚಿಕೊಂಡು ಸ್ಪ್ರೇಗ್ ಲೇಕ್ ಆರಿಸಿ. ಕೆರೆ ಸುತ್ತ ಒಂದೂವರೆ ಕಿಲೋಮೀಟರಿಗಿಂತ ಒಂಚೂರು ಕಡಿಮೆ. ಏರಿಲ್ಲ, ಇಳಿವಿಲ್ಲ. ಗಟ್ಟಿಯಾಗಿ ಕೂತ ಸಣ್ಣ ಜಲ್ಲಿಯ ದಾರಿ, ಕೆಸರಿರುವ ಕಡೆ ಮರದ ಹಲಗೆ. ವೀಲ್‌ಚೇರೂ ಹೋಗುತ್ತೆ, ಮಗುವಿನ ತಳ್ಳುಗಾಡಿಯೂ ಹೋಗುತ್ತೆ. ಈ ಕೆರೆ ತಾನಾಗಿ ಆದದ್ದಲ್ಲ. ಅಬ್ನರ್ ಸ್ಪ್ರೇಗ್ ಅನ್ನುವವರು ತಮ್ಮ ವಸತಿಗೃಹಕ್ಕೆ ಬರುವ ಅತಿಥಿಗಳು ಮೀನು ಹಿಡಿಯಲಿ ಅಂತ ಹಳ್ಳಕ್ಕೆ ಕಟ್ಟೆ ಹಾಕಿಸಿದ್ದು. ಮಾವನಿಗೆ ಇದನ್ನು ಹೇಳಿದ ಮೇಲೆ ಅವರು ಬೆಟ್ಟ ನೋಡೋದು ಬಿಟ್ಟು ನೀರು ಹೊರಗೆ ಹರಿಯುವ ಜಾಗ ಹುಡುಕಿಕೊಂಡು ಹೋದರು. ತೋಟಕ್ಕೆ ನೀರು ತಿರುಗಿಸಿದ ಕೈ ಅಲ್ವಾ.

ಅಲ್ಲಿಗೆ ಬೆಳಿಗ್ಗೆ ಏಳಕ್ಕೇ ತಲುಪಿ. ಆಗ ಗಾಳಿ ಕಡಿಮೆ, ನೀರು ಅಲುಗುವುದಿಲ್ಲ. ಹ್ಯಾಲೆಟ್ ಶಿಖರ ತಲೆಕೆಳಗಾಗಿ ಪೂರ್ತಿ ಕೆರೆಯೊಳಗೆ ನಿಂತಿರುತ್ತೆ. ಅತ್ತೆ ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಸಿಕ್ಕಿಸಿಕೊಂಡು, ನನ್ನ ಹಳೇ ಸ್ಪೋರ್ಟ್ಸ್ ಶೂ ಹಾಕಿಕೊಂಡು, ತಲೆಗೆ ಮಂಕಿ ಕ್ಯಾಪ್ ಏರಿಸಿ ಹೊರಟರು. ದಾರಿಯುದ್ದಕ್ಕೂ ಬೆಂಚುಗಳಿವೆ. ಸಿಕ್ಕಿದ ಬೆಂಚಿನಲ್ಲೆಲ್ಲ ಕೂತರು. ಎದ್ದಾಗಲೆಲ್ಲ ಮಂಡಿ ಮೇಲೆ ಕೈಯಿಟ್ಟು "ಆಯ್ತು, ನಡಿ" ಅಂತ ತಮಗೇ ಹೇಳಿಕೊಂಡರು. ಅರ್ಧ ಗಂಟೆಯ ದಾರಿಗೆ ನಾವು ಒಂದೂಮುಕ್ಕಾಲು ಗಂಟೆ ತೆಗೆದುಕೊಂಡೆವು. ಆ ಹೊತ್ತಿನಲ್ಲೇ ಆಚೆ ದಡದ ಪೊದೆಯಿಂದ ಮೂಸ್ ಅನ್ನುವ ಜಿಂಕೆ ಜಾತಿಯ ದೊಡ್ಡ ಪ್ರಾಣಿ ಇಳಿದು ಬಂದು ಮೊಣಕಾಲುದ್ದ ನೀರಲ್ಲಿ ನಿಂತು ಹುಲ್ಲು ತಿಂದಿತು. ಅದು ತಲೆ ಎತ್ತಿದಾಗಲೆಲ್ಲ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗ ಅಜ್ಜಿಯ ಸೆರಗು ಹಿಡಿದುಕೊಂಡು ಉಸಿರೆತ್ತದೆ ನೋಡಿದ. ಬೇಗ ಬೇಗ ನಡೆದಿದ್ದರೆ ನಮಗೆ ಅದು ಸಿಗುತ್ತಲೇ ಇರಲಿಲ್ಲ.

ಪ್ರಾಣಿ ಕಂಡಾಗ ದೂರ ಇರೋದು ಇಲ್ಲಿನ ಕಾನೂನು ಕೂಡ. ಮೂಸ್ ಮತ್ತು ಕರಡಿಗೆ 120 ಅಡಿ, ಎಲ್ಕ್ ಅನ್ನುವ ದೊಡ್ಡ ಜಿಂಕೆಗೆ 75 ಅಡಿ. ಮಕ್ಕಳಿಗೆ ಅಡಿ ಲೆಕ್ಕ ಗೊತ್ತಾಗೋಲ್ಲ. "ಎರಡು ಸ್ಕೂಲ್ ಬಸ್ ಒಂದರ ಹಿಂದೆ ಒಂದು ನಿಂತಷ್ಟು ದೂರ, ಮೂಸ್ ಆದರೆ ಇನ್ನೊಂದು ಬಸ್ ಸೇರಿಸು" ಅಂತ ನಾನು ಹೇಳಿಕೊಟ್ಟಿದ್ದೀನಿ. ಚಿಪ್‌ಮಂಕ್‌ಗಳಂತೂ ನಮ್ಮ ಅಳಿಲಿನ ಹಾಗೇ ಬೆನ್ನಿಗೆ ಪಟ್ಟೆ ಇಟ್ಟುಕೊಂಡು ಕಾಲ ಹತ್ತಿರವೇ ಬರ್ತವೆ. ಕಡಲೆಬೀಜ ಹಾಕೋಕೆ ಎಲ್ಲರಿಗೂ ಕೈ ತುರಿಸುತ್ತೆ. ದಯವಿಟ್ಟು ಹಾಕಬೇಡಿ. ನಮ್ಮ ತಿಂಡಿಗೆ ಬಿದ್ದ ಪ್ರಾಣಿ ಕಾಡಿನಲ್ಲಿ ಬದುಕೋದು ಮರೆಯುತ್ತೆ.

ಎರಡನೇ ದಿನ ಬೇರ್ ಲೇಕ್. ಇದರ ಸುತ್ತಳತೆ ಇನ್ನೂ ಚಿಕ್ಕದು, ಒಂದು ಕಿಲೋಮೀಟರಿಗಿಂತ ಒಂಚೂರು ಜಾಸ್ತಿ. ಆದರೆ ಸ್ಪ್ರೇಗ್‌ನಷ್ಟು ಸಮತಟ್ಟಲ್ಲ. ಅಲ್ಲಲ್ಲಿ ಏರು, ಬೇರು, ಕಲ್ಲು ಇವೆ. ಮಂಡಿ ನೋವಿನವರಿಗೆ ಒಂದು ವಾಕಿಂಗ್ ಸ್ಟಿಕ್ ಕೊಡಿ, ಇಳಿಯುವಾಗ ಅದು ಬೇಕೇ ಬೇಕು. ದಾರಿಯಲ್ಲಿ ನಂಬರ್ ಹಾಕಿದ ಗೂಟಗಳಿವೆ, ಮಗನಿಗೆ ಅದನ್ನು ಹುಡುಕೋದೇ ಕೆಲಸ. "ಸುಸ್ತು" ಅನ್ನೋ ಮಾತೇ ಬರಲಿಲ್ಲ.

ಇಲ್ಲಿಂದ ನಾವು ಎರಡು ಪಂಗಡ ಆಗ್ತೀವಿ. ಅತ್ತೆ-ಮಾವ ಕೆರೆಯ ಬೆಂಚಿನಲ್ಲಿ ಫ್ಲಾಸ್ಕಿನ ಕಾಫಿ ಇಟ್ಟುಕೊಂಡು ಕೂರ್ತಾರೆ, ಒಬ್ಬರು ಅವರ ಜತೆಗಿರ್ತಾರೆ. ಇನ್ನೊಬ್ಬರು ಮಕ್ಕಳ ಜತೆ ಮೇಲಕ್ಕೆ. ಮುಕ್ಕಾಲು ಕಿಲೋಮೀಟರ್ ಏರಿದರೆ ನಿಂಫ್ ಲೇಕ್. ಬೇಸಿಗೆಯಲ್ಲಿ ನೀರು ತುಂಬ ಹಳದಿ ನೈದಿಲೆ. ಐದು ವರ್ಷದವರಿಗೆ ಅಲ್ಲಿಗೆ ಸಾಕು. ಒಂಬತ್ತರ ಮಗಳು ಡ್ರೀಮ್ ಲೇಕ್ ತನಕ ಆರಾಮಾಗಿ ನಡೆದಳು, ಒಂದು ಕಡೆಗೆ 1.1 ಮೈಲಿ. ಇನ್ನೂ ಮೇಲಿನ ಎಮರಾಲ್ಡ್ ಲೇಕ್ 1.8 ಮೈಲಿ, ಎತ್ತರ 3,000 ಮೀಟರ್ ದಾಟುತ್ತೆ. ಮಕ್ಕಳ ಉಸಿರು ನೋಡಿಕೊಂಡು ಹೋಗಿ. ಜೂನ್ ಮೊದಲ ವಾರಗಳಲ್ಲಿ ಈ ದಾರಿಯಲ್ಲಿ ಇನ್ನೂ ಹಿಮ ಗಟ್ಟಿಯಾಗಿ ಕೂತಿರುತ್ತೆ, ಜಾರುತ್ತೆ. ನಾನಾದರೆ ಮಕ್ಕಳನ್ನು ಜುಲೈಗೆ ಕರೆದುಕೊಂಡು ಹೋಗ್ತೀನಿ.

ಜಲಪಾತ ಬೇಕು ಅಂದರೆ ಆಲ್ಬರ್ಟಾ ಫಾಲ್ಸ್. ಗ್ಲೇಸಿಯರ್ ಗಾರ್ಜ್ ಅನ್ನುವ ಕಡೆಯಿಂದ ಒಂದು ಕಡೆಗೆ 0.8 ಮೈಲಿ, ಏರು ಹಗುರ. ಸ್ಪ್ರೇಗ್ ಅವರ ಹೆಂಡತಿಯ ಹೆಸರೇ ಇದಕ್ಕೆ. ಅಲ್ಲಿ ಕಾರು ನಿಲ್ಲಿಸೋ ಜಾಗ ತುಂಬಾ ಚಿಕ್ಕದು, ಪಾರ್ಕಿನ ಶಟಲ್ ಬಸ್ಸಲ್ಲಿ ಹೋಗೋದೇ ವಾಸಿ. ಮಳೆಗಾಲದ ಜೋಗ ನೋಡಿದವರು ಇದನ್ನು ಅದರ ಜತೆ ಹೋಲಿಸಬೇಡಿ. ಬಂಡೆ ಮೇಲೆ ಕೂತು ತುಂತುರು ಮುಖಕ್ಕೆ ಹೊಡೆಸಿಕೊಳ್ಳೋಕೆ ಹೋಗಿ. ಮಕ್ಕಳ ಕೈ ಮಾತ್ರ ಬಿಡಬೇಡಿ, ಒದ್ದೆ ಬಂಡೆ ನುಣುಪು.

ಆಟಕ್ಕೆ ಅಲ್ಯೂವಿಯಲ್ ಫ್ಯಾನ್. 1982ರ ಜುಲೈ 15ರಂದು ಮೇಲಿನ ಲಾನ್ ಲೇಕ್‌ನ ಹಳೇ ಮಣ್ಣಿನ ಕಟ್ಟೆ ಒಡೆದು, ಮನೆಯಷ್ಟು ದೊಡ್ಡ ಬಂಡೆಗಳು ಉರುಳಿ ಬಂದು ಹರಡಿದ ಜಾಗ. ಮೂರು ಜೀವ ಹೋಯಿತು. 2013ರ ಪ್ರವಾಹ ಅದನ್ನು ಮತ್ತೆ ಬದಲಿಸಿತು. ಈಗ ಚಂದದ ದಾರಿ ಮಾಡಿದ್ದಾರೆ. ಇನ್ನು ಮರಳು, ಬಂಡೆ, ನೀರು ಮೂರೂ ಒಟ್ಟಿಗೆ ಸಿಕ್ಕರೆ ಮಕ್ಕಳು ಏಳೋದೇ ಇಲ್ಲ. ಒಂದು ಜತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ.

ಲಿಲಿ ಲೇಕ್ ಕೂಡ ಇದೆ, 0.8 ಮೈಲಿಯ ಸಮತಟ್ಟು ಸುತ್ತು. ಸ್ಪ್ರೇಗ್‌ನಲ್ಲಿ ಜನ ಜಾಸ್ತಿ ಅನ್ನಿಸಿದ ದಿನ ಅಲ್ಲಿಗೆ ಹೋಗಿ.

ಯಾವ ದಾರಿಯಾದರೂ ಮಧ್ಯಾಹ್ನದೊಳಗೆ ಕಾರಿಗೆ ವಾಪಸಾಗಿ. ಜುಲೈ, ಆಗಸ್ಟಲ್ಲಿ ಬೆಳಿಗ್ಗೆ ಒಂದು ಮೋಡ ಇರೋದಿಲ್ಲ, ಒಂದು ಗಂಟೆಗೆ ಗುಡುಗು. ಡ್ರೀಮ್ ಲೇಕಿನಿಂದ ಇಳಿಯುವಾಗ ಒಮ್ಮೆ ನಮ್ಮ ಮೇಲೆ ಆಲಿಕಲ್ಲು ಬಿತ್ತು. ಕಡಲೆಕಾಳು ಗಾತ್ರದ್ದು. ಹತ್ತು ನಿಮಿಷದಲ್ಲಿ ದಾರಿ ಬೆಳ್ಳಗಾಯಿತು, ಮಗಳ ಹಲ್ಲು ಕಟಕಟ ಅಂದಿತು. ಅಂದಿನಿಂದ ಬ್ಯಾಗಲ್ಲಿ ಎಲ್ಲರಿಗೂ ಒಂದೊಂದು ಸ್ವೆಟರ್, ರೇನ್‌ಕೋಟ್, ಟೋಪಿ. ಜತೆಗೆ ಸನ್‌ಸ್ಕ್ರೀನ್, ತಲೆಗೊಂದು ಲೀಟರ್ ನೀರು. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬಾರದು.

ಊಟ ಮನೆಯದೇ. ಈ ದಾರಿಗಳಲ್ಲಿ ಹೋಟೆಲ್ ಇಲ್ಲ. ಚಿತ್ರಾನ್ನ, ಚಪಾತಿ ಸುರುಳಿ, ಕಡಲೆಕಾಯಿ ಚಿಕ್ಕಿ ಒಯ್ಯಿರಿ. ಎತ್ತರದಲ್ಲಿ ಮಕ್ಕಳಿಗೆ ಹಸಿವು ಗೊತ್ತಾಗೋಲ್ಲ, ಸುಮ್ನೆ ರಚ್ಚೆ ಹಿಡೀತಾರೆ. ಅರ್ಧ ಗಂಟೆಗೊಮ್ಮೆ ಬಾಯಿಗೊಂದು ಚೂರು ಚಿಕ್ಕಿ ಹಾಕಿ. ಅಲ್ಲಿನ ಕಸದ ಡಬ್ಬಿ ಕರಡಿಗೆ ತೆಗೆಯೋಕಾಗದ ಹಾಗೆ ಮಾಡಿದ್ದು. ಹಿಡಿಯ ಮೇಲಿನ ಮುಚ್ಚಳದೊಳಗೆ ಬೆರಳು ತೂರಿಸಿ ಒತ್ತಿದರೆ ಮಾತ್ರ ಬಾಗಿಲು ತೆರೆದುಕೊಳ್ಳುತ್ತೆ. ವಾಪಸ್ ಮುಚ್ಚಿದಾಗ ಟಕ್ ಅನ್ನೋ ಸದ್ದು ಕೇಳಿಸಿಕೊಂಡೇ ಹೊರಡಿ.

ವಿಸಿಟರ್ ಸೆಂಟರಿನಲ್ಲಿ ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಪುಕ್ಕಟೆ ಕೊಡ್ತಾರೆ. ಬರೆದು ತೋರಿಸಿದರೆ ಬ್ಯಾಡ್ಜ್. ಪಾರ್ಕಿನೊಳಗಿನ ಮೊರೇನ್ ಪಾರ್ಕ್ ಅನ್ನುವ ಬಯಲಿನ ಕಡೆ ಪಾಂಡೆರೋಸಾ ಪೈನ್ ಮರಗಳಿವೆ. ಬಿಸಿಲು ಬಿದ್ದ ತೊಗಟೆಯ ಬಿರುಕಿಗೆ ಮೂಗು ತಾಗಿಸಿ ನೋಡಿ ಅಂತ ಮಗಳು ಅಜ್ಜಿಯನ್ನು ಎಳೆದುಕೊಂಡು ಹೋದಳು. ಇಂಗ್ಲಿಷ್‌ನವರು ವೆನಿಲಾ ಅಂತಾರೆ. ಅತ್ತೆ ಕಣ್ಣು ಮುಚ್ಚಿ ಎರಡು ಸಲ ಮೂಸಿ, "ಆಲೆಮನೆ ವಾಸನೆ ಕಣೇ, ಬೆಲ್ಲ ಇಳಿಸೋ ಹೊತ್ತಿಂದು" ಅಂದರು.

ಸೆಪ್ಟೆಂಬರಲ್ಲಿ ಬಂದವರು ಸಂಜೆ ಅಲ್ಲೇ ಉಳಿಯಿರಿ. ಆಸ್ಪೆನ್ ಎಲೆಗಳು ಹಳದಿ ತಿರುಗುವ ಕಾಲ, ಗಂಡು ಎಲ್ಕ್‌ಗಳು ಕೂಗುವ ಕಾಲ. ಹುಲ್ಲುಗಾವಲಿಗೆ ಇಳಿಯಬಾರದು, ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಗಾಜು ಇಳಿಸಿದರೆ ಸಾಕು. ಕತ್ತಲಾಗುವ ಹೊತ್ತಿಗೆ ಆ ಕೂಗು ಬಂತು, ಎಣ್ಣೆ ಕಾಣದ ಹೆಬ್ಬಾಗಿಲು ಎಳೆದ ಹಾಗೆ. ಹಿಂದಿನ ಸೀಟಿನಲ್ಲಿ ನಿದ್ದೆಗೆ ಜಾರಿದ್ದ ಮಗ ಎದ್ದು ಕೂತ. ಮಾವ ಅವನ ಬಾಯಿ ಮೇಲೆ ಬೆರಳಿಟ್ಟು, ಇನ್ನೊಂದು ಕೂಗಿಗೆ ಕಿವಿ ಕೊಟ್ಟರು.