ಬೆಂಗಳೂರು–ದೆಹಲಿ: ಟಿಕೆಟ್‌ನಲ್ಲಿರುವ ಹೊತ್ತು, ನಾನು ಹಾಕುವ ಲೆಕ್ಕ

ನಮ್ಮ ಆಫೀಸಿನವರಿಗೆ ವಿಮಾನದ ಟಿಕೆಟ್ ಮಾಡಿಸಿಕೊಡುವುದು ನನ್ನ ಕೆಲಸ. ಹೆಚ್ಚಿನವರು ಹೋಗುವುದು ದೆಹಲಿಗೆ. "ಎಷ್ಟು ಹೊತ್ತಾಗುತ್ತೆ ಸರ್?" ಎಂದು ಕೇಳಿದರೆ ಟಿಕೆಟ್‌ನಲ್ಲಿರುವ ಎರಡೂಮುಕ್ಕಾಲು ಗಂಟೆಯನ್ನು ನಾನು ಹೇಳುವುದಿಲ್ಲ. ಜಯನಗರದ ಮನೆ ಬಾಗಿಲಿಂದ ಕನಾಟ್ ಪ್ಲೇಸಿನ ಮೀಟಿಂಗ್‌ವರೆಗೆ ಏಳು ಗಂಟೆ ಎನ್ನುತ್ತೇನೆ.

ದೂರದ ಲೆಕ್ಕ ಈ ಎರಡು ಊರಿಗೆ ಬಲು ಸುಲಭ. ದೇವನಹಳ್ಳಿಯ ನಿಲ್ದಾಣ ಇರುವುದು 77.7 ಡಿಗ್ರಿ ರೇಖಾಂಶದಲ್ಲಿ, ದೆಹಲಿಯದು 77.1ರಲ್ಲಿ. ಹೆಚ್ಚುಕಡಿಮೆ ನೇರ ಉತ್ತರಕ್ಕೆ ದಾರಿ. ಹಾಗಾಗಿ ಅಕ್ಷಾಂಶ ಕಳೆದರೆ ಮುಗಿಯಿತು: 28.6ರಲ್ಲಿ 13.2 ಹೋದರೆ 15.4. ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 1,710 ಕಿ.ಮೀ. ಹೈದರಾಬಾದ್, ನಾಗಪುರದ ಮೇಲೆ ರಸ್ತೆಯಲ್ಲಿ ಹೋದರೆ ಇದೇ 2,100 ದಾಟುತ್ತದೆ.

ಏರ್‌ಬಸ್ ಎ320 ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ಓಡುತ್ತದೆ. ಆ ಲೆಕ್ಕದಲ್ಲಿ ಎರಡು ಗಂಟೆ ಚಿಲ್ಲರೆ ಸಾಕಲ್ಲ, ಉಳಿದ ಮುಕ್ಕಾಲು ಗಂಟೆ ಯಾಕೆ? ಟಿಕೆಟ್‌ನಲ್ಲಿರುವುದು ಹಾರುವ ಹೊತ್ತಲ್ಲ, ಈ ಗೇಟ್ ಬಿಟ್ಟು ಆ ಗೇಟ್ ಸೇರುವ ಹೊತ್ತು. ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು; ಏರುವಾಗ ಇಳಿಯುವಾಗ ಆ ವೇಗ ಇರುವುದಿಲ್ಲ. ದೆಹಲಿಯಲ್ಲಿ ದಟ್ಟಣೆಯಿದ್ದರೆ ಆಕಾಶದಲ್ಲೇ ಸುತ್ತು ಹೊಡೆಸುತ್ತಾರೆ. ಚಕ್ರ ನೆಲಕ್ಕೆ ತಾಗಿದ್ದೇ ಎಲ್ಲರೂ ಬೆಲ್ಟ್ ಬಿಚ್ಚಿ ನಿಲ್ಲುತ್ತಾರೆ, ವಿಮಾನ ಮಾತ್ರ ಹತ್ತು ಹದಿನೈದು ನಿಮಿಷ ನೆಲದ ಮೇಲೆ ಓಡುತ್ತಲೇ ಇರುತ್ತದೆ. ಇದಕ್ಕೆಲ್ಲ ಸೇರಿಸಿಯೇ ಕಂಪನಿಗಳು ಸ್ವಲ್ಪ ಹೊತ್ತು ಹೆಚ್ಚಿಟ್ಟಿರುತ್ತವೆ. "ಇಪ್ಪತ್ತು ನಿಮಿಷ ಮೊದಲೇ ಬಂದೆವು" ಎಂದು ಪ್ರಕಟಿಸುವುದರ ಗುಟ್ಟು ಇಷ್ಟೇ.

ಹೋಗುವಾಗಲೂ ಬರುವಾಗಲೂ ಹೊತ್ತು ಹೆಚ್ಚುಕಡಿಮೆ ಒಂದೇ, ಏಕೆಂದರೆ ಮೇಲಿನ ಪಡುವಣ ಗಾಳಿ ಈ ದಾರಿಗೆ ಅಡ್ಡ ಬೀಸುತ್ತದೆ. ಮುಂಬೈ–ಕೋಲ್ಕತ್ತ ದೂರವೂ ಬಹುತೇಕ ಇಷ್ಟೇ, ಆದರೆ ಚಳಿಗಾಲದಲ್ಲಿ ಅಲ್ಲಿಂದ ವಾಪಸ್ ಬರುವವರಿಗೆ ಗಾಳಿ ಎದುರಾಗಿ ಹೆಚ್ಚು ಹೊತ್ತು ಹಿಡಿಯುತ್ತದೆ.

ಇನ್ನು ನೆಲದ ಮೇಲಿನ ಲೆಕ್ಕ. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ ಗಂಟೆ ಇಡುತ್ತೇನೆ, ಹೆಬ್ಬಾಳದ ಫ್ಲೈಓವರ್ ಏನು ಮಾಡುತ್ತದೋ ದೇವರಿಗೇ ಗೊತ್ತು. ನಸುಕಿನಲ್ಲಾದರೆ ಒಂದು ಗಂಟೆ. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಲು ಹೇಳುತ್ತೇನೆ. ದೆಹಲಿಯಲ್ಲಿ ಬೆಲ್ಟ್‌ನಿಂದ ಬ್ಯಾಗ್ ಎತ್ತಿಕೊಂಡು ಹೊರಬರಲು ಅರ್ಧ ಗಂಟೆ. ಮುಂದೆ ಟ್ಯಾಕ್ಸಿಗಿಂತ ಮೆಟ್ರೋ ವಾಸಿ: ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಟರ್ಮಿನಲ್ 3ರಿಂದ ಸುಮಾರು ಇಪ್ಪತ್ತು ನಿಮಿಷಕ್ಕೆ ನವದೆಹಲಿ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಕಾಯುವುದು, ಅಲ್ಲಿಂದಾಚೆ ಹೋಗುವುದು ಸೇರಿ ಮುಕ್ಕಾಲು ಗಂಟೆ.

ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಈ ಲೆಕ್ಕವನ್ನು ನಾನೇ ನಂಬುವುದಿಲ್ಲ. ಮಂಜು ಕವಿದರೆ ಬೆಳಗಿನ ವಿಮಾನಗಳು ಒಂದರ ಹಿಂದೆ ಒಂದು ತಡ. ಕೆಲವನ್ನು ಜೈಪುರಕ್ಕೋ ಲಖನೌಗೋ ತಿರುಗಿಸುತ್ತಾರೆ. ಹನ್ನೊಂದಕ್ಕೆ ಮೀಟಿಂಗ್ ಇದ್ದರೆ ಹಿಂದಿನ ದಿನ ಮಧ್ಯಾಹ್ನದ ವಿಮಾನಕ್ಕೇ ಟಿಕೆಟ್ ಮಾಡಿಸುತ್ತೇನೆ. ಹೋಟೆಲಿನ ಬಿಲ್ ನೋಡಿ ಅಕೌಂಟ್ಸ್‌ನವರು ಗೊಣಗುತ್ತಾರೆ, ಗೊಣಗಲಿ.